ದಾನದ ಎಮ್ಮೆಗೂ ಹಲ್ಲು ನೋಡಲೇಬೇಕು!

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತ ಹಿರಿಯರು ಹೇಳಿದ್ದಾರೆ. ಎಮ್ಮೆಗೆ ಆ ಮಾತು ಸರಿ. ಕಂಪ್ಯೂಟರಿಗೆ ಮಾತ್ರ ಸರಿಯಲ್ಲ!

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಕಂಪನಿ ಒಪ್ಪಿದ ಪ್ರೊಸೆಸರೂ ಬೇಕು. ಹತ್ತು ವರ್ಷದ ಯಂತ್ರಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ನಪಾಸು. ಕಚೇರಿಗಳಲ್ಲಿ ಮೂಲೆ ಸೇರುವ ಇಂಥ ಪೆಟ್ಟಿಗೆಗಳಿಗೆ ಮುಂದೆ ಎರಡೇ ದಾರಿ. ಒಂದು ಗುಜರಿ, ಇನ್ನೊಂದು ಶಾಲೆಗೆ ದಾನ.

ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳಿಗೆ, ಹಳ್ಳಿ ಗ್ರಂಥಾಲಯಗಳಿಗೆ ಈ ದಾನ ಬೇಡವೇ? ಖಂಡಿತ ಬೇಕು. ಕಂಪ್ಯೂಟರ್ ಕಲಿಯಲು ಗದಗ, ಹುಬ್ಬಳ್ಳಿಯ ಬಸ್ಸು ಹತ್ತುವ ಹುಡುಗರಿಗೆ ಊರಲ್ಲೇ ನಾಲ್ಕು ಯಂತ್ರ ನಡೆದರೆ ಅಷ್ಟು ಬಸ್ ಚಾರ್ಜು ಉಳಿದೀತು. ಆದರೆ ನಡೆಯಬೇಕಲ್ಲ!

ನಡೆಸುವ ದಾರಿ ಇದೆ. ಲುಬುಂಟು, ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ, ಇನ್ನೂ ಬಡಕಲು ಯಂತ್ರಕ್ಕೆ ಆಂಟಿಎಕ್ಸ್, ಪಪ್ಪಿ. ಇವೆಲ್ಲ ಹಗುರಾದ ಕಾರ್ಯಾಚರಣೆ ವ್ಯವಸ್ಥೆಗಳು, ಲೈಸೆನ್ಸಿಗೆ ಕಾಸು ಕೊಡಬೇಕಿಲ್ಲ. ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಪರದೆ, ಧ್ವನಿ, ವೈಫೈ ಸರಿಯಿದ್ದರೆ ಆಮೇಲೆ ಒಳಗೆ ಹಾಕಿದರಾಯಿತು. ತಿರುಗುವ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂಡಿಸಿ, ರ‍್ಯಾಮ್ 4 ಜಿಬಿ ಮಾಡಿದರೆ ಕುಂಟುವ ಎತ್ತು ಗಾಡಿ ಎಳೆಯುತ್ತದೆ. ಒಳಗಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಿಸಬೇಕು. ಅದು ಸತ್ತರೆ ತಾರೀಖು ತಪ್ಪುತ್ತದೆ, ತಾರೀಖು ತಪ್ಪಿದರೆ ಇಂಟರ್ನೆಟ್ಟಿನ ಪುಟಗಳೂ ತೆರೆಯಲೊಲ್ಲವು.

ಇದೇನು ಬರೀ ಮಾತಲ್ಲ. ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ದಾನದ ಕಂಪ್ಯೂಟರುಗಳಿಂದಲೇ ಅಂಬೇಡ್ಕರ್ ಕಮ್ಯೂನಿಟಿ ಕಂಪ್ಯೂಟಿಂಗ್ ಸೆಂಟರ್ ಕಟ್ಟಿದರು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಆದರೂ ಕಣ್ಣು ಮುಚ್ಚಿ ಕೈ ಚಾಚುವಂತಿಲ್ಲ. ಯಂತ್ರ ಹಗುರಾದರೂ ಇಂಟರ್ನೆಟ್ ಭಾರವಾಗಿದೆ. 1 ಜಿಬಿ ರ‍್ಯಾಮಿನ ಪೆಟ್ಟಿಗೆ ಟೈಪಿಂಗಿಗೆ ಸೈ, ವಿಡಿಯೋ ಪಾಠಕ್ಕೆ ಅಲ್ಲ. 32 ಬಿಟ್ಟಿನ ಯಂತ್ರಗಳಿಗಂತೂ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಬಾಗಿಲು ಹಾಕಿತು. ಇಂಥವನ್ನು ತಂದು ಶಾಲೆಗೆ ಇಳಿಸುವುದು ದಾನವೋ, ಗುಜರಿ ಸಾಗಿಸುವ ಉಪಾಯವೋ?

ಕನ್ನಡದ ತಕರಾರು ಬೇರೆ ಇದೆ. ಯೂನಿಕೋಡ್ ಕನ್ನಡ ಲಿನಕ್ಸಿನಲ್ಲಿ ಸಲೀಸು, ನುಡಿಯ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಆದರೆ ಹಳೇ ನುಡಿ ಅಕ್ಷರದ ಕಡತಗಳು ಪರಿವರ್ತಿಸದ ಹೊರತು ಗೀಚಿದಂತೆ ಕಾಣುತ್ತವೆ. ಅಂಗಡಿಕಾರರಿಗೂ ಒಂದು ಮಾತು. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಲೆಕ್ಕ ಅದರಲ್ಲಿದ್ದರೆ ಕಂಡಕಂಡವರ ಮಾತು ಕೇಳಿ ಗಲ್ಲೆಯ ಯಂತ್ರ ಬದಲಿಸಬೇಡಿ. ಮನೆಯಲ್ಲಿ ಮಕ್ಕಳ ಅಭ್ಯಾಸಕ್ಕೆ ಇಟ್ಟ ಹಳೇ ಯಂತ್ರದ ಮೇಲೆ ಮೊದಲು ನೋಡಿ.

ಕೊಡುವವರ ಪಾಲಿಗೂ ಕೆಲಸವಿದೆ. ಫೈಲು ಡಿಲೀಟ್ ಮಾಡಿದ ಮಾತ್ರಕ್ಕೆ ಅಳಿಯುವುದಿಲ್ಲ. ಗಿರಾಕಿಗಳ ಉದ್ರಿ ಲೆಕ್ಕ, ಆಧಾರ್ ಪ್ರತಿ ಡಿಸ್ಕಿನಲ್ಲೇ ಕೂತಿರುತ್ತವೆ. ಡಿಸ್ಕನ್ನು ಪೂರ್ತಿ ಒರೆಸಿ ಕೊಡಬೇಕು. ಪೂರಾ ಸತ್ತ ಪೆಟ್ಟಿಗೆಯನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುವುದು ವಿಷದ ವ್ಯಾಪಾರ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೇ ಅದು ಹೋಗಬೇಕು.

ಎಲ್ಲಕ್ಕೂ ಮಿಗಿಲಾದ ಪ್ರಶ್ನೆ ಒಂದೇ: ಕೆಟ್ಟಾಗ ನೋಡುವವರಾರು? ಹಾರ, ಶಾಲು, ಫೋಟೋ ಒಂದು ದಿನದ್ದು. ತಿಂಗಳಿಗೊಮ್ಮೆ ಬಂದು ಹೋಗುವ ಒಬ್ಬ ಮೆಕ್ಯಾನಿಕ್, ಕೈ ಪಳಗಿದ ಇಬ್ಬರು ಮಾಸ್ತರು, ಬಿಡಿಭಾಗಕ್ಕೆ ನಾಲ್ಕು ಕಾಸು ಇಷ್ಟಿದ್ದರೆ ಹಳೇ ಪೆಟ್ಟಿಗೆಯೂ ಇನ್ನೂ ಕೆಲವು ವರ್ಷ ದುಡಿದೀತು. ಇಲ್ಲದಿದ್ದರೆ ಅದು ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಎಮ್ಮೆ ಹೊಡೆದುಕೊಂಡು ಬರುವವರು ಮೇವು ಹಾಕೋರು ಯಾರು ಅಂತ ಮೊದಲೇ ಕೇಳಿಕೊಳ್ಳಲಿ!