ಹೊನ್ನಾವರದ ರೇವು

ಮಲ್ಲೇಶ್ವರದ ನಿವಾಸಿಗಳಿಗೆ ಸರೋವರವೆಂದರೆ ೧೮೮೨ರಲ್ಲಿ ನಿರ್ಮಿತವಾದ ಸ್ಯಾಂಕಿ ಕೆರೆ. ಅದರಲ್ಲಿ ಹಡಗು ತೇಲಿದುದನ್ನು ಕಂಡವರಿಲ್ಲ. ಆದರೆ ಸರೋವರವೇ ರೇವಾದ ಊರೊಂದು ನಮ್ಮ ನಾಡಿನಲ್ಲಿಯೇ ಉಂಟು. ಅದು ಉತ್ತರ ಕನ್ನಡದ ಹೊನ್ನಾವರ. ಶರಾವತಿಯು ಕಡಲನ್ನು ಕೂಡುವ ಮುನ್ನ ಇಲ್ಲಿ ವಿಶಾಲವಾಗಿ ಹರಡಿಕೊಂಡು, ನಡುಗಡ್ಡೆಗಳನ್ನು ಮಡಿಲಲ್ಲಿರಿಸಿಕೊಂಡು ನಿಂತಿರುವಳು. ೧೮೦೧ರಲ್ಲಿ ಈ ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ವೈದ್ಯನು, ಜನರು ಇದನ್ನು ಹೊಳೆಯೆಂದರೂ ಸರೋವರವೆನ್ನುವುದೇ ಯುಕ್ತವೆಂದು ಬರೆದನು. ಇದರ ನೀರು ಬೇಸಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ ಎಂಬುದನ್ನೂ ಆತನು ಗುರುತಿಸಿದನು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ಕಡಲ ತೆರೆಗಳ ಹೊಡೆತ ತಾಕದ ನೀರು; ಗೇರುಸೊಪ್ಪೆಯಿಂದ ಘಟ್ಟದ ಮೆಣಸು ದೋಣಿಯಲ್ಲಿಯೇ ಇಳಿದುಬರುವ ಅನುಕೂಲ; ರೇವಿಗೆ ಬೇರೇನು ಬೇಕು? ೧೪ನೆಯ ಶತಮಾನದಲ್ಲಿ ಬಂದ ಮೊರಾಕ್ಕೋ ದೇಶದ ಇಬ್ನ್ ಬತೂತನು ಈ ಊರಿನಲ್ಲಿ ಗಂಡುಮಕ್ಕಳಿಗೆ ೨೩, ಹೆಣ್ಣುಮಕ್ಕಳಿಗೆ ೧೩ ಪಾಠಶಾಲೆಗಳಿದ್ದುವೆಂದು ಹೇಳಿರುವನು. ಹೆಣ್ಣುಮಕ್ಕಳ ಶಾಲೆಯು ಆಂಗ್ಲರೊಡನೆಯೇ ಬಂದಿತೆನ್ನುವ ಮಹನೀಯರು ಇದನ್ನು ಗಮನಿಸಲಿ! ೧೫೦೫ರಲ್ಲಿ ಪೋರ್ತುಗೀಸರು ಈ ರೇವಿನ ಹಡಗುಗಳಿಗೆ ಬೆಂಕಿಯಿಟ್ಟರು. ಅದೇ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಅವರೇ ‘ಮೆಣಸಿನ ರಾಣಿ’ಯೆಂದು ಕರೆದರು. ಹೈದರಾಲಿಯು ಇಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದನು. ೧೭೮೩ರಲ್ಲಿ ಆಂಗ್ಲರು ಕೋಟೆಯನ್ನು ಹಿಡಿದರು, ಟಿಪ್ಪುವು ಮುತ್ತಿದನು. ಬುಕಾನನ್ ಬರುವ ವೇಳೆಗೆ ಹಳೆಯ ವೈಭವವು ಅಳಿದುಹೋಗಿದ್ದಿತು.

ವ್ಯಾಪಾರವು ಹೋದರೂ ಸರೋವರವು ದಡದ ಜನರನ್ನು ಸಾಕುತ್ತಲೇ ಬಂದಿತು. ಬೇಸಗೆಯಲ್ಲಿ ಉಪ್ಪುನೀರು ಒಳಕ್ಕೇರಿದಾಗ ಬಳಚು ಎಂಬ ಚಿಪ್ಪುಜೀವಿಯು ಬೆಳೆಯುವುದು. ಅದನ್ನು ಹೆಕ್ಕಿ ಮಾರಿ ಎಷ್ಟೋ ಸಂಸಾರಗಳು ನಡೆದುವು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಯಿತು. ಆ ಬಳಿಕ ವಿದ್ಯುತ್ತನ್ನು ಹುಟ್ಟಿಸಿದ ಸಿಹಿನೀರು ಬೇಸಗೆಯಲ್ಲಿಯೂ ಎಡೆಬಿಡದೆ ಇಳಿಯತೊಡಗಿತು. ಉಪ್ಪು ತಗ್ಗಿತು; ಬಳಚು ಕ್ಷೀಣಿಸಿತು. ನಮ್ಮ ನೆರೆಯ ಟಾಟಾ ಇನ್‌ಸ್ಟಿಟ್ಯೂಟಿನ ಸಂಶೋಧಕರು ಇದನ್ನು ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯೊಡನೆ ಹೋಲಿಸಿ ನೋಡಿದರು. ಅಲ್ಲಿ ಚಿಪ್ಪುಜೀವಿಗಳೂ ಮೀನಿನ ಬಗೆಗಳೂ ಹೆಚ್ಚಾಗಿದ್ದುವು. ನಮ್ಮ ಮನೆಗಳ ದೀಪಕ್ಕೂ ಆ ವಿದ್ಯುತ್ತಿನ ಪಾಲುಂಟಷ್ಟೆ. ೨೦೧೯ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೂ ಶರಾವತಿಯನ್ನೇ ತರುವ ಮಾತೆದ್ದಿತು. ಮಲೆನಾಡಿಗರು ಬೀದಿಗಿಳಿದು ವಿರೋಧಿಸಿದರು. ಅವರ ವಿರೋಧವು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ.

ರಜೆಯಲ್ಲಿ ಆ ಕಡೆಗೆ ಹೋಗುವ ಕುಟುಂಬಗಳು ಹೊನ್ನಾವರದಲ್ಲಿ ದೋಣಿಯೇರಿ ಕಾಂಡ್ಲಾ ಗಿಡಗಳ ನಡುವೆ ಒಂದು ಗಳಿಗೆ ಸಾಗಬಹುದು. ಬೇಸಗೆಯಲ್ಲಿ ಹೋದವರು, ನೀರು ಮೊದಲಿನಷ್ಟು ಉಪ್ಪಾಗುವುದೇ ಎಂದು ವೃದ್ಧ ಅಂಬಿಗರನ್ನು ಕೇಳಿನೋಡಲಿ.