ಮಗಳ ದೂರಿಗೆ ಮೂರು ತಿಂಗಳು

ಮಗಳನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವ ಗೃಹಸ್ಥರು ಶುಲ್ಕವನ್ನೂ ವಿದ್ಯಾರ್ಥಿನಿಲಯದ ಊಟವನ್ನೂ ತಪ್ಪದೆ ವಿಚಾರಿಸುವರು. ಅಲ್ಲಿ ಆಕೆಗೆ ಲೈಂಗಿಕ ಕಿರುಕುಳವುಂಟಾದರೆ ಯಾರಲ್ಲಿ ದೂರಿಡಬೇಕೆಂದು ವಿಚಾರಿಸುವವರು ವಿರಳ.

1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶಾಖಾ ಮೊಕದ್ದಮೆಯಲ್ಲಿ ತೋರಿದ ಮಾರ್ಗವು 2013ರಲ್ಲಿ ಶಾಸನವಾಯಿತು. ವಿದ್ಯಾರ್ಥಿನಿಯರಿಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2015ರ ನಿಯಮಾವಳಿಯೂ ಉಂಟು. ಅದರಂತೆ ಪ್ರತಿಯೊಂದು ಸಂಸ್ಥೆಯಲ್ಲಿಯೂ ಆಂತರಿಕ ದೂರು ಸಮಿತಿಯಿರತಕ್ಕದ್ದು. ಹಿರಿಯ ಅಧ್ಯಾಪಿಕೆಯೇ ಅದರ ಅಧ್ಯಕ್ಷೆ. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥ ಮೊದಲಾದ ಅಧಿಕಾರಸ್ಥರು ಸದಸ್ಯರಾಗಬಾರದು. ಆಪಾದಿತನಾದ ಅಧ್ಯಾಪಕನು ಆಕೆಯ ಉತ್ತರಪತ್ರಿಕೆಗೆ ಅಂಕ ಕೊಡದಂತೆ ತಡೆಯಬಹುದು. ದೂರಿತ್ತವಳ ಹೆಸರನ್ನು ಬಯಲುಮಾಡಕೂಡದು. ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು.

ಆದರೆ ದೂರನ್ನು ಬರೆದು, ಮೂರು ತಿಂಗಳೊಳಗೆ ಸಲ್ಲಿಸತಕ್ಕದ್ದು. ಕಿರುಕುಳವು ಹಲವು ಸಲ ನಡೆದಿದ್ದರೆ ಕೊನೆಯದರಿಂದ ಎಣಿಕೆ. ತಕ್ಕ ಕಾರಣವಿದ್ದಲ್ಲಿ ಸಮಿತಿಯು ಇನ್ನು ಮೂರು ತಿಂಗಳು ಕೊಡಬಹುದು.

ಈ ಅವಧಿಯು ನಮ್ಮ ಮನೆಗಳಲ್ಲಿ ಹೇಗೆ ಸವೆಯುವುದೆಂಬುದನ್ನು ವಾಚಕರು ಬಲ್ಲರು. ತಾಯಿಯು ತಂದೆಗೆ ತಿಳಿಸಲು ಹೆದರುವಳು, ತಂದೆಯು “ನಾಲ್ಕು ಜನ ಏನೆಂದಾರು?” ಎನ್ನುವನು, ಸೋದರಮಾವನು ಓದನ್ನೇ ಬಿಡಿಸಿರೆನ್ನುವನು. ಅಷ್ಟರಲ್ಲಿ ಗಡುವು ಮೀರುವುದು. ತಪ್ಪಿತಸ್ಥನು ನಿಶ್ಚಿಂತನಾಗಿ ಪಾಠ ಹೇಳುತ್ತಿರುವನು. ನಿರಪರಾಧಿನಿಯು ವಿದ್ಯೆಯನ್ನು ಕಳೆದುಕೊಂಡು ಮನೆಯಲ್ಲಿ ಕುಳಿತಿರುವಳು. ತಪ್ಪಿತಸ್ಥನು ನಾಚಬೇಕಾದಲ್ಲಿ ನೊಂದವಳನ್ನು ನಾಚಿಸುವುದು ಯಾವ ಧರ್ಮ?

ಆದುದರಿಂದ ಮಗಳು ಬಾಯಿಬಿಟ್ಟ ದಿನವೇ ತಾರೀಖು, ಸ್ಥಳ, ಸಾಕ್ಷಿಗಳನ್ನು ಬರೆದಿಡಿರಿ. ಬರೆಯಲು ಆಕೆಗೆ ಶಕ್ತಿಯಿಲ್ಲದಿದ್ದರೆ ನೆರವಾಗುವುದು ಸಮಿತಿಯ ಕರ್ತವ್ಯ. ಪೊಲೀಸರಲ್ಲಿ ದೂರುವ ಹಕ್ಕು ಆಕೆಗೆ ಪ್ರತ್ಯೇಕವಾಗಿಯೇ ಉಂಟು. ಎಲ್ಲಕ್ಕೂ ಮೊದಲು, ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿರಿ.