ಹೆಬ್ಬಾಳೆ ಸೇತುವೆಯ ಆಚೆ ದಡದ ಹಿರಿಯರು

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರಾ ನದಿಗೆ ಹೆಬ್ಬಾಳೆ ಸೇತುವೆ ಇದೆ. ಮಳೆ ಜೋರಾದರೆ ಅದು ಮುಳುಗುತ್ತದೆ. ‘ಹೊರನಾಡು ಸಂಪರ್ಕ ಕಡಿತ’ ಎಂದು ಪತ್ರಿಕೆಗಳಲ್ಲಿ ಬರುತ್ತದೆ, ಯಾತ್ರಿಕರು ಹಳುವಳ್ಳಿ ಕಡೆಯಿಂದ ಸುತ್ತಿ ಬರುತ್ತಾರೆ, ನೀರು ಇಳಿದ ಮೇಲೆ ಸುದ್ದಿಯೂ ಇಳಿಯುತ್ತದೆ. ಸರ್ಕಾರಿ ಎಂಜಿನಿಯರ್ ಆಗಿ ಮೂವತ್ತು ವರ್ಷಕ್ಕೂ ಮೀರಿ ರಸ್ತೆ ಸೇತುವೆಗಳ ಲೆಕ್ಕ ನೋಡಿದ ನನಗೆ ಆ ಸೇತುವೆಯ ಎತ್ತರದ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಅದು ಈ ಪತ್ರಿಕೆಯ ವಿಷಯವಲ್ಲ. ನಾನು ಕೇಳುವುದು ಇಷ್ಟೇ. ನೀರು ಏರಿದ ಆ ದಿನಗಳಲ್ಲಿ ತೋಟದೊಳಗಿನ ಒಂಟಿ ಮನೆಗಳಲ್ಲಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ, ಇರುವ ಎಪ್ಪತ್ತೈದು ಎಂಬತ್ತರ ಹಿರಿಯರು ಹೇಗಿದ್ದಾರೆ ಎಂದು ಹೋಗಿ ನೋಡುವವರು ಯಾರು?

ಹೊರನಾಡಿನಲ್ಲಿ ಹಸಿವಿನ ಪ್ರಶ್ನೆ ಇಲ್ಲ ಎನ್ನುವವರಿದ್ದಾರೆ. ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಹೋದ ಯಾರೂ ಊಟವಿಲ್ಲದೆ ಹಿಂತಿರುಗುವುದಿಲ್ಲ ಎಂಬುದು ನಾಡಿಗೇ ಗೊತ್ತು. ಆದರೆ ಅಲ್ಲಿಗೆ ಹೋಗಬೇಕಲ್ಲ! ಬಯಲುಸೀಮೆಯ ಹಾಗೆ ಇಲ್ಲಿ ಊರೆಂದರೆ ಒತ್ತಾಗಿ ಕೂತ ಮನೆಗಳಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಫಿ ತೋಟ, ಗದ್ದೆ, ಹಳ್ಳ. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಒಂದೆರಡು ಕಿಲೋಮೀಟರ್ ಏರು ದಾರಿ. ಪುಷ್ಯ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ವಾರಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಸತ್ತಂತೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡುತ್ತಲೇ ಇರುತ್ತಾನೆ, ಪಾಪ, ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಧ್ವನಿ ಕೇಳುತ್ತಾ.

ಆ ಮಗನನ್ನು ಬೈಯುವುದು ಸುಲಭ. ನಮ್ಮ ವೇದಿಕೆಗಳಲ್ಲಿ ‘ಈಗಿನ ಮಕ್ಕಳು ತಂದೆ ತಾಯಿಯನ್ನು ನೋಡುವುದಿಲ್ಲ’ ಎಂಬ ಭಾಷಣಕ್ಕೆ ಚಪ್ಪಾಳೆ ಖಚಿತ. ಆದರೆ ಅವನನ್ನು ಊರಿನಿಂದ ಹೊರಗೆ ಕಳಿಸಿದವರು ಯಾರು? ನಾವೇ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಪ್ರಸಾದ ನಿಲಯ ತೆರೆದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು ಜೋಳಿಗೆ ಹಿಡಿದು ತಂದ ಧಾನ್ಯದಲ್ಲಿ ಬಡವರ ಮಕ್ಕಳು ಉಂಡು ಓದಿದರು. ಮಠ ಮಠಗಳಲ್ಲಿ ನಡೆದ ಈ ಕೆಲಸ ಇಲ್ಲದಿದ್ದರೆ ನನ್ನಂಥವನ ಕೈಗೆ ಎಂಜಿನಿಯರಿಂಗ್ ಪದವಿ ಬರುತ್ತಿರಲಿಲ್ಲ. ನಾನೂ ಪ್ರಸಾದ ನಿಲಯದ ಅನ್ನ ಉಂಡವನೇ. ಓದಿದವನಿಗೆ ಕೆಲಸ ಸಿಕ್ಕಿದ್ದು ಪಟ್ಟಣದಲ್ಲಿ. ಮಗನನ್ನು ಓದಿಸಿ ದೊಡ್ಡವನಾಗಿ ಮಾಡಿದ ಮಠಕ್ಕೆ, ಮನೆಯಲ್ಲಿ ಉಳಿದ ಅವನ ಅಪ್ಪ ಅವ್ವನ ಕಡೆಗೂ ಒಂದು ಬಾಧ್ಯತೆ ಇದೆ ಎಂದು ನನ್ನ ಲೆಕ್ಕ. ನೂರು ವರ್ಷ ನಾವು ಹುಡುಗರ ದಾಸೋಹ ನಡೆಸಿದೆವು. ಹಿರಿಯರ ದಾಸೋಹದ ವಿಚಾರ ಇನ್ನೂ ಮಾತಿನಲ್ಲೇ ಇದೆ.

ಮಾತು ಎತ್ತಿದ ಕೂಡಲೇ ಬರುವ ಉತ್ತರ: ‘ಒಂದು ವೃದ್ಧಾಶ್ರಮ ಕಟ್ಟೋಣ.’ ನಿವೇಶನ, ನಕ್ಷೆ, ಶಂಕುಸ್ಥಾಪನೆ, ದಾನಿಗಳ ಹೆಸರಿನ ಅಮೃತಶಿಲೆ. ಕಟ್ಟಡ ಕಟ್ಟಿಸಿಯೇ ಜೀವನ ಮಾಡಿದವನು ನಾನು, ಕಟ್ಟಡದ ಮೇಲೆ ನನಗೆ ದ್ವೇಷವಿಲ್ಲ. ದಿಕ್ಕಿಲ್ಲದವರಿಗೆ ಅಂಥ ಆಶ್ರಯ ಬೇಕೇ ಬೇಕು. 150 ಮಂದಿಗಾದರೂ ಸಾಲುವ ಒಂದು ವೃದ್ಧಾಶ್ರಮ ಪ್ರತಿ ಜಿಲ್ಲೆಯಲ್ಲಿ ಇರಬಹುದೆಂದು 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳಿದೆ. ಆದರೆ ಹೊರನಾಡಿನ ಅಜ್ಜಿಗೆ ಬೇಕಾದದ್ದು ಅದಲ್ಲ. ಅವಳು ತನ್ನ ಜಗಲಿ, ತನ್ನ ದನ, ತಾನು ನೆಟ್ಟ ಬಾಳೆ ಬಿಟ್ಟು ಬರುವವಳಲ್ಲ. ಅವಳಿಗೆ ಬೇಕಾದದ್ದು ವಾರಕ್ಕೊಮ್ಮೆ ಬಂದು, ಬಿ.ಪಿ. ಮಾತ್ರೆ ಎಷ್ಟು ಉಳಿದಿದೆ ಎಂದು ನೋಡಿ, ಒಂದು ಲೋಟ ಕಾಫಿ ಕುಡಿದು ಹೋಗುವ ಮನುಷ್ಯ. ಸ್ಥಾವರಕ್ಕೂ ಜಂಗಮಕ್ಕೂ ಇರುವ ವ್ಯತ್ಯಾಸವನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಸಂಧ್ಯಾ ಸುರಕ್ಷಾ 2007ರಿಂದ ಇದೆ, 65 ದಾಟಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ. ಹಿರಿಯರಿಗೆಂದೇ 14567 ಸಹಾಯವಾಣಿ ಇದೆ, 108 ಆಂಬುಲೆನ್ಸ್ ಇದೆ. ಸಾರಿಗೆ ನಿಗಮದ ಬಸ್ಸಿನಲ್ಲಿ 60 ದಾಟಿದವರಿಗೆ ಕಾಲು ಭಾಗ ರಿಯಾಯಿತಿ, 2023ರ ಜೂನ್‌ನಿಂದ ಹೆಂಗಸರಿಗೆ ಪ್ರಯಾಣವೇ ಉಚಿತ. ಬಸ್ಸು ಇರುವ ಕಡೆ ಇದೆಲ್ಲ ಚೆಂದ. ಕೆಲಸ ಕಳೆದುಕೊಂಡ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಈ ಗುಡ್ಡಗಳ ಮೂಲೆ ಮೂಲೆಗೆ ಬಸ್ಸು ಓಡಿಸುತ್ತಿತ್ತು. ಅದು 2020ರ ಫೆಬ್ರುವರಿಯಲ್ಲಿ ನಿಂತುಹೋಯಿತು. ಅದರ ಬಸ್ಸನ್ನೇ ನಂಬಿದ್ದ ಹಿರಿಯರಿಗೆ ಈಗ ಆಸ್ಪತ್ರೆಗೆ ಹೋಗಬೇಕೆಂದರೆ ಆಟೋ ಅಥವಾ ಜೀಪಿನ ಬಾಡಿಗೆ. ಆ 1,200ರಲ್ಲಿ ಬಾಡಿಗೆ ಕೊಟ್ಟು ಉಳಿಯುವುದೆಷ್ಟು, ಓದುಗರೇ ಲೆಕ್ಕ ಹಾಕಲಿ. ಬೆರಳಚ್ಚಿನ ಕಥೆ ಬೇರೆ. ಐವತ್ತು ವರ್ಷ ಗುದ್ದಲಿ ಹಿಡಿದ ಕೈಯಲ್ಲಿ ರೇಖೆಗಳೇ ಸವೆದಿರುತ್ತವೆ, ಯಂತ್ರ ಒಪ್ಪುವುದಿಲ್ಲ.

ದೂರವನ್ನು ಗೆಲ್ಲುವ ದಾರಿ ಇಲ್ಲದೆ ಇಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಕರಾವಳಿ ಮಲೆನಾಡುಗಳ ಸಣ್ಣ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್ಆ್ಯಪ್‌ನಲ್ಲೇ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದಾರೆ. ಎದೆನೋವು ಬಂದವರನ್ನು ಘಾಟಿ ಇಳಿಸಬೇಕೇ ಬೇಡವೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಪಕ್ಕದ ಕೇರಳವನ್ನೂ ನೋಡಿ. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರು ಗುಣವಾಗದ ರೋಗಿಗಳ ನೋವು ಕಡಿಮೆ ಮಾಡಲು ಒಂದು ಸಂಸ್ಥೆ ಆರಂಭಿಸಿದರು. ಆಮೇಲೆ ಅದು ಆಸ್ಪತ್ರೆಯಿಂದ ಹೊರಗೆ ಬಂತು. ಊರಿನ ಮೇಷ್ಟ್ರು, ಅಂಗಡಿಯವರು, ಗೃಹಿಣಿಯರು ವಾರಕ್ಕೆ ಕೆಲವು ಗಂಟೆ ಕೊಟ್ಟು, ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿತು. ಅವರ ಗುಡ್ಡಗಳೂ ನಮ್ಮ ಗುಡ್ಡಗಳ ಹಾಗೆಯೇ, ಅವರ ಮಳೆಯೂ ನಮ್ಮ ಮಳೆಯೇ.

ಇನ್ನು ಆಸ್ತಿಯ ವಿಷಯ. ಮಠಗಳಲ್ಲಿ ಇದನ್ನು ಮಾತಾಡಲು ನಾವು ಹಿಂಜರಿಯುತ್ತೇವೆ, ಆದ್ದರಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತೋಟವನ್ನು ಮಕ್ಕಳ ಹೆಸರಿಗೆ ಮಾಡಿಕೊಟ್ಟ ಮೇಲೆ ಹಿರಿಯರ ಮಾತಿಗೆ ತೂಕ ಕಡಿಮೆಯಾಗುವುದನ್ನು ಎಲ್ಲರೂ ಕಂಡಿದ್ದೇವೆ. 2025ರಲ್ಲಿ ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಬಿಟ್ಟುಹೋಗಿದ್ದಾರೆಂಬ ವಿಷಯ ಹೊರಬಂತು. ಇಂಥ ಪ್ರಕರಣಗಳಲ್ಲಿ ಮಕ್ಕಳಿಗೆ ಕೊಟ್ಟ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಬೇಕೆಂದು ಸಚಿವರೇ ಹೇಳಬೇಕಾಯಿತು. 2007ರ ಕಾಯ್ದೆಯ 23ನೇ ಕಲಮು ಇದಕ್ಕೆ ದಾರಿ ಕೊಡುತ್ತದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಮಧ್ಯಪ್ರದೇಶದ ಒಬ್ಬ ತಾಯಿ ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಕೊನೆತನಕ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಕಾಗದಕ್ಕೆ ಅಲ್ಲಿನ ಹೆಸರು ‘ವಚನ ಪತ್ರ’. ಮಗ ಮಾತು ತಪ್ಪಿದ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು ದಾನಪತ್ರವನ್ನು ರದ್ದುಮಾಡಿ ತಾಯಿಯ ಕೈ ಹಿಡಿಯಿತು. ವಚನ ಎಂಬ ಮಾತು ನಮಗೆ ಎಷ್ಟು ದೊಡ್ಡದು! ಆದರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ನಮ್ಮ ಹಿರಿಯರು ಪತ್ರದಲ್ಲಿ ಆ ಒಂದು ಸಾಲು ಬರೆಸಲು ಸಂಕೋಚಪಡುತ್ತಾರೆ. ‘ಮಗನ ಮೇಲೆ ನಂಬಿಕೆ ಇಲ್ಲವೇ?’ ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಸೇತುವೆ ಬೀಳುತ್ತದೆಂದು ಯಾರೂ ಕಟ್ಟುವುದಿಲ್ಲ, ಆದರೂ ಲೆಕ್ಕ ಹಾಕುವಾಗ ಹೆಚ್ಚಿನ ಭಾರಕ್ಕೇ ಹಾಕುತ್ತೇವೆ. ಸಾಲು ಬರೆಸಿ.

ಇದೇ ಕಾಯ್ದೆಯಲ್ಲಿ ಜೀವನಾಂಶ ಕೇಳುವ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು. ಹೊರನಾಡಿನಿಂದ ಚಿಕ್ಕಮಗಳೂರು ಸುಮಾರು 100 ಕಿಲೋಮೀಟರ್. ನಡೆಯಲಾಗದವರು ಹೇಗೆ ಹೋಗಬೇಕು? ಹಿರಿಯರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಇನ್ನೊಬ್ಬರು, ಅಥವಾ ನೋಂದಾಯಿತ ಸ್ವಯಂಸೇವಾ ಸಂಘ, ಅವರ ಪರವಾಗಿ ಅರ್ಜಿ ಹಾಕಬಹುದೆಂದು ಐದನೇ ಕಲಮು ಹೇಳುತ್ತದೆ. ನಮ್ಮ ಎಷ್ಟೋ ಬಸವ ಸಂಘಟನೆಗಳು ನೋಂದಾಯಿತ ಸಂಘಗಳೇ. ಈ ಬಾಗಿಲು ನಮಗಾಗಿ ತೆರೆದಿದೆ. ಕೋರ್ಟು ಬೇಡ ಎನ್ನುವವರಿಗೆ ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದ ಮಾದರಿ ಕಣ್ಣಮುಂದಿದೆ. ಸೋಮವಾರ ಅಲ್ಲಿ ಹೊಲ ಮನೆಯ ವ್ಯಾಜ್ಯಗಳನ್ನು ಎರಡೂ ಕಡೆಯವರನ್ನು ಕೂರಿಸಿ ಬಗೆಹರಿಸುತ್ತಾರೆ. ಪ್ರತಿ ಮಠವೂ ತಿಂಗಳಿಗೊಂದು ದಿನ ಹಿರಿಯರ ಅಹವಾಲಿಗೆ ಇಟ್ಟರೆ ಯಾವ ಖರ್ಚೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ತೋಟ ಇರುವವರ ಮಾತಾಯಿತು. ತೋಟದ ಕೆಳಗೆ ಲೈನ್ ಮನೆಗಳಿವೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ಮನೆ, ಔಷಧಿಯ ಹೊಣೆ ಹಾಕಿತು, ಅದು ಕೆಲಸದಲ್ಲಿ ಇರುವವರೆಗೆ. ನಲವತ್ತು ವರ್ಷ ಹಣ್ಣು ಕೊಯ್ದ ಹೆಂಗಸು ಕೈ ನಡುಗತೊಡಗಿದ ಮೇಲೆ ಆ ಮನೆಯಲ್ಲಿ ಯಾವ ಹಕ್ಕಿನ ಮೇಲೆ ಇರಬೇಕು? ಮಗನೋ ಸೊಸೆಯೋ ಅದೇ ತೋಟದಲ್ಲಿ ದುಡಿದರೆ ಸರಿ, ಇಲ್ಲವಾದರೆ ಧಣಿಯ ದಯೆ. ನಮ್ಮ ಹಿರಿಯರ ದಾಸೋಹ ಲಿಂಗಾಯತರ ಮನೆಗಳ ಬಾಗಿಲಲ್ಲೇ ನಿಂತರೆ ಬಸವಣ್ಣನವರ ಹೆಸರು ಹೇಳಿ ಪ್ರಯೋಜನವಿಲ್ಲ. ಕಾಯಕ ಮಾಡಿ ಸವೆದ ಕೈ ಯಾರದಾದರೂ ಅದು ನಮ್ಮ ಪಟ್ಟಿಯಲ್ಲಿರಬೇಕು.

ಸಹಾಯ ಎಂಬ ಪದವನ್ನು ಮಾತ್ರ ಬಾಗಿಲಲ್ಲಿ ಬಳಸಬೇಡಿ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಕಳಿಸಿದ ಲಕ್ಕಮ್ಮನ ಮನೆತನ ನಮ್ಮದು. ‘ನಮಗೇನೂ ಬೇಡ ತಮ್ಮಾ, ಎಲ್ಲ ಇದೆ’ ಎಂದೇ ನಮ್ಮ ಹಿರಿಯರು ಹೇಳುವುದು. ಅವರಿಗೂ ಕೆಲಸ ಕೊಡಿ. ಅಕ್ಕಪಕ್ಕದ ಮಕ್ಕಳಿಗೆ ವಚನ ಹೇಳಿಕೊಡಲಿ, ಹಳೆಯ ದಾಖಲೆ ಓದಿ ಹೇಳಲಿ, ಹಳ್ಳದ ನೀರು ಯಾವ ಮಳೆಗೆ ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಸಲಿ. ಕೊನೆಯದು ಎಂಜಿನಿಯರುಗಳಿಗೂ ಉಪಯೋಗ.

ಶ್ರಾವಣದಲ್ಲಿ ನಮ್ಮ ಮಠಗಳು ಪ್ರವಚನ ಇಡುತ್ತವೆ. ಮಲೆನಾಡಿನಲ್ಲಿ ಅದು ಮಳೆ ಹೆಚ್ಚಿರುವ ತಿಂಗಳು, ಹಿರಿಯರು ಸಭಾಭವನಕ್ಕೆ ಬರಲಾಗದ ತಿಂಗಳು. ಈ ಸಲ ಕಳಸ, ಹೊರನಾಡು, ಮೂಡಿಗೆರೆ ಕಡೆಯ ಶರಣ ಬಳಗಗಳು ಪ್ರವಚನದ ಖರ್ಚಿನಲ್ಲಿ ಅರ್ಧವನ್ನು ಮನೆಭೇಟಿಗೆ ತೆಗೆದಿಡಲಿ. ಎರಡೆರಡು ಮಂದಿ, ಒಂದೊಂದು ಬಸ್ ದಾರಿಗೆ. ಒಂದು ನೋಟ್‌ಬುಕ್ ಸಾಕು: ಹಿರಿಯರ ಹೆಸರು, ಬಸ್ ನಿಲ್ದಾಣದಿಂದ ಮನೆಗೆ ದೂರ, ಮಾತ್ರೆ ಮುಗಿಯುವ ತಾರೀಖು, ಪಿಂಚಣಿ ಬರುತ್ತಿದೆಯೇ, ಹತ್ತಿರದ ಮನೆಯವರ ಫೋನ್. ಪಟ್ಟಿಯ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇನ್ನೊಂದು ಮಠಕ್ಕೆ. ಆರಿದ್ರಾ ಮಳೆ ಹಿಡಿಯುವ ಮೊದಲು ಇದು ಮುಗಿಯಬೇಕು, ಹೆಬ್ಬಾಳೆಯಲ್ಲಿ ನೀರು ಏರಿದ ಮೇಲೆ ಪಟ್ಟಿ ಮಾಡಲು ಆಗುವುದಿಲ್ಲ. ಪಟ್ಟಿ ಮಾಡಿದ ಬಳಗಗಳು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಊರು, ಮನೆಗಳ ಸಂಖ್ಯೆ ಸಾಕು, ಫೋಟೋ ಬೇಡ.